ರಾಜ್ಯೋತ್ಸವಕ್ಕೆ ‘ಕನ್ನಡ’ ಎಲ್‌ಇಡಿ ಬೋರ್ಡ್: 12 ವೋಲ್ಟ್ ಸಾಕಾ, ಪಿಕ್ಸೆಲ್ಲೇ ಬೇಕಾ?

ಗುಬ್ಬಿ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಸೈನ್ಸ್, ಗುಬ್ಬಿ ಹತ್ತಿರದ ಹಳ್ಳಿ. ನವೆಂಬರ್ 1ಕ್ಕೆ ನಮ್ಮೂರ ಸರ್ಕಲ್ಲಿನ ಧ್ವಜದ ಕಟ್ಟೆ ಪಕ್ಕ ‘ಕನ್ನಡ’ ಅಂತ ಬೆಳಗುವ ಬೋರ್ಡ್ ಇಡಬೇಕು ಅಂತ ಹುಡುಗರೆಲ್ಲ ಸೇರಿ ಮಾತಾಡಿಕೊಂಡಿದ್ದೇವೆ. ಪ್ರತಿವರ್ಷ ಸೀರಿಯಲ್ ಸೆಟ್ ಬಾಡಿಗೆಗೆ ತರುತ್ತೇವೆ, ಅದರಲ್ಲಿ ಅರ್ಧ ಉರಿಯುವುದೇ ಇಲ್ಲ. ಈ ಸಲ ನಾವೇ ಮಾಡೋಣ ಅಂತ.

4 ಅಡಿ ಉದ್ದ, 2 ಅಡಿ ಎತ್ತರದ ತೆಳು ಪ್ಲೈವುಡ್ ಇದೆ. 5 ಎಂಎಂ ಕೆಂಪು, ಹಳದಿ ಎಲ್‌ಇಡಿ ತರುತ್ತೇವೆ. ಸೋಲ್ಡರಿಂಗ್ ಐರನ್ ಇದೆ, ಕೈ ಪಳಗಿದೆ. ಹಳೇ ವೈಫೈ ರೂಟರಿನ 12 ವೋಲ್ಟ್ 1 ಆಂಪ್ ಅಡಾಪ್ಟರ್ ಕೂಡ ಇದೆ. ನನ್ನ ಸ್ನೇಹಿತ ಹೇಳುವುದು: ಒಂದು ಎಲ್‌ಇಡಿಗೆ 2 ವೋಲ್ಟ್, ಆರು ಸೇರಿಸಿದರೆ 12, ರೆಸಿಸ್ಟರ್ ಯಾಕೆ ಬೇಕು? ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೂ ಎಲ್ಲರೂ ರೆಸಿಸ್ಟರ್ ಹಾಕು ಅನ್ನುತ್ತಾರೆ. ಗೊತ್ತಿರುವವರು ಹೇಳಿ.

ಚಿಂತಾಮಣಿ ಲೈಟಿಂಗ್
ತಮ್ಮಾ, ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ. ನಮ್ಮದು ಶಾಮಿಯಾನ, ಲೈಟಿಂಗ್ ಕೆಲಸ. ಜಾತ್ರೆಗೆ ಕಟ್ಟುವ ಸೆಟ್ಟುಗಳೆಲ್ಲ ನೇರ ಕರೆಂಟಿನ ಮೇಲೇ ನಡೆಯುವುದು. ನೂರು ಎಲ್‌ಇಡಿಯನ್ನು ಒಂದರ ಹಿಂದೆ ಒಂದು ಕಟ್ಟು, ಒಂದು ಡಯೋಡ್ ಹಾಕು, ಒಂದು ರೆಸಿಸ್ಟರ್ ಹಾಕು, 230ಕ್ಕೆ ಕೊಡು. ಅಡಾಪ್ಟರ್ ಬೇಡ, ದಪ್ಪ ವೈರ್ ಬೇಡ, ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ.

ಕೋಲಾರ ಪಾಲಿಟೆಕ್ನಿಕ್ ಮೇಡಂ
ಗುಬ್ಬಿ ಹುಡುಗ, ಮೇಲೆ ಹೇಳಿದ್ದನ್ನು ಮಾತ್ರ ಮಾಡಬೇಡಪ್ಪ. ಚಿಂತಾಮಣಿಯವರಿಗೆ ಕೆಲಸ ಗೊತ್ತಿದೆ, ಅವರು ಕಟ್ಟುವಾಗ ಎಲ್ಲಿ ಮುಟ್ಟಬಾರದು ಅಂತಲೂ ಗೊತ್ತಿದೆ. ನಿಮ್ಮ ಬೋರ್ಡ್ ಇರುವುದು ಧ್ವಜದ ಕಟ್ಟೆ ಪಕ್ಕ, ಕೈಗೆಟುಕುವ ಎತ್ತರದಲ್ಲಿ. ಚಿಕ್ಕ ಮಕ್ಕಳು ಬಂದು ಮುಟ್ಟಿಯೇ ಮುಟ್ಟುತ್ತಾರೆ.

230 ವೋಲ್ಟ್ ಅನ್ನುವುದು ಆರ್‌ಎಂಎಸ್ ಬೆಲೆ. ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ ಅದು. ಅಲೆಯ ತುದಿಯಲ್ಲಿ ಸುಮಾರು 325 ವೋಲ್ಟ್. ನೂರು ಎಲ್‌ಇಡಿಯ ಸಾಲಿನಲ್ಲಿ ಒಂದು ಕಾಲು ಬಿಟ್ಟುಕೊಂಡರೆ ಇಡೀ ಸಾಲು ಆರುತ್ತದೆ, ಆದರೆ ಆ ಬಿಟ್ಟ ಜಾಗದ ಎರಡು ತುದಿಗಳ ನಡುವೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ. ದೀಪ ಆರಿದೆ ಅಂತ ಕೈ ಹಾಕಿದವನಿಗೇ ಶಾಕ್. ಇನ್ನೊಂದು, ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಫೇಸ್ ಯಾವ ಕಡೆ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಸ್ವಿಚ್ ಒಂದೇ ವೈರಿನಲ್ಲಿದ್ದರೆ, ಆಫ್ ಮಾಡಿದ ಮೇಲೂ ಬೋರ್ಡಿನ ಮೇಲೆಲ್ಲ ಫೇಸ್ ಇರಬಹುದು.

ಅಡಾಪ್ಟರಿನ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮನೆಯ ಕರೆಂಟಿಗೂ ಆ 12 ವೋಲ್ಟಿಗೂ ನೇರ ಸಂಬಂಧವೇ ಇರುವುದಿಲ್ಲ. ಅದಕ್ಕೇ ಅಡಾಪ್ಟರ್ ಬೇಕು.

ಚಿಂತಾಮಣಿ ಲೈಟಿಂಗ್
ಮೇಡಂ, ನೀವು ಹೇಳುವುದು ಕಟ್ಟೆ ಪಕ್ಕದ ಬೋರ್ಡಿಗೆ ಸರಿ. ಆದರೆ ನಾವು ಸುಮ್ನೆ 230 ಬಳಸುವುದಿಲ್ಲ. ದೇವಸ್ಥಾನದಿಂದ ಕೆರೆ ಏರಿವರೆಗೂ ಕಮಾನು ಕಟ್ಟಬೇಕು ಅಂದರೆ 12 ವೋಲ್ಟ್ ಎಲ್ಲಿ ತಲುಪುತ್ತದೆ? ಅರ್ಧ ದಾರಿಯಲ್ಲೇ ಮಂಕು. ಇದಕ್ಕೇನು ಹೇಳುತ್ತೀರಿ?

ಕೋಲಾರ ಪಾಲಿಟೆಕ್ನಿಕ್ ಮೇಡಂ
ಒಪ್ಪಿದೆ ಸರ್. ದೂರ ಜಾಸ್ತಿಯಾದರೆ ವೋಲ್ಟೇಜ್ ಜಾಸ್ತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದದ್ದೂ ಹಾಗೇ, ಹತ್ತಾರು ಸಾವಿರ ವೋಲ್ಟಿಗೆ ಏರಿಸಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ :)

ಆದರೆ ಇವನದು ಒಂದೇ ಬೋರ್ಡ್. ಲೆಕ್ಕ ನೋಡಿ. 1 ಚದರ ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.018 ಓಮ್. ಬೋರ್ಡ್ 10 ಮೀಟರ್ ದೂರ ಇದ್ದರೆ ಹೋಗಿ ಬರುವ ವೈರ್ 20 ಮೀಟರ್, ಅಂದರೆ 0.36 ಓಮ್. ಅರ್ಧ ಆಂಪ್ ಹರಿದರೆ ಕಳೆದುಹೋಗುವುದು 0.18 ವೋಲ್ಟ್. 12ರಲ್ಲಿ ಅದು ಕಣ್ಣಿಗೂ ಕಾಣುವುದಿಲ್ಲ.

ತಿಪಟೂರು ರೇಡಿಯೋ ರಿಪೇರಿ
ಹುಡುಗನ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ವಲ್ಲ. ಆರು ಎಲ್‌ಇಡಿ ಸೇರಿಸಿ 12ಕ್ಕೆ ನೇರ ಕೊಟ್ಟರೆ ಏನಾಗುತ್ತದೆ?

ಎಲ್‌ಇಡಿ ಬಲ್ಬಿನ ಹಾಗಲ್ಲ ಮಗಾ. ಬಲ್ಬಿಗೆ ಸ್ವಲ್ಪ ವೋಲ್ಟೇಜ್ ಹೆಚ್ಚಾದರೆ ಕರೆಂಟೂ ಸ್ವಲ್ಪ ಹೆಚ್ಚುತ್ತದೆ. ಎಲ್‌ಇಡಿಯಲ್ಲಿ 1.8 ವೋಲ್ಟಿನವರೆಗೂ ಏನೂ ಹರಿಯುವುದಿಲ್ಲ ಅನ್ನುವಷ್ಟು ಕಡಿಮೆ, ಆಮೇಲೆ 0.1, 0.2 ವೋಲ್ಟ್ ಏರಿಸಿದರೆ ಸಾಕು, ಕರೆಂಟು ಎರಡರಷ್ಟು ಮೂರರಷ್ಟು ಆಗಿಬಿಡುತ್ತದೆ. ಅದೂ ಅಲ್ಲದೆ ಬಿಸಿಯಾದಷ್ಟೂ ಅದು ಕೇಳುವ ವೋಲ್ಟೇಜ್ ಇಳಿಯುತ್ತದೆ, ಒಂದು ಡಿಗ್ರಿಗೆ ಹೆಚ್ಚುಕಡಿಮೆ 2 ಮಿಲಿವೋಲ್ಟ್. ವೋಲ್ಟೇಜ್ ಇಳಿದರೆ ಕರೆಂಟು ಏರುತ್ತದೆ, ಕರೆಂಟು ಏರಿದರೆ ಇನ್ನೂ ಬಿಸಿ, ಇನ್ನೂ ಬಿಸಿಯಾದರೆ ಇನ್ನೂ ಕರೆಂಟು. ಒಂದು ಗಂಟೆ ಚೆನ್ನಾಗಿ ಉರಿದು ಆಮೇಲೆ ಒಂದೊಂದೇ ಕಣ್ಣು ಮುಚ್ಚುವುದು ಇದಕ್ಕೇ. ರೆಸಿಸ್ಟರ್ ಇದ್ದರೆ ಕರೆಂಟಿಗೆ ಲಗಾಮು.

5 ಎಂಎಂ ಎಲ್‌ಇಡಿಗೆ ಗರಿಷ್ಠ 20 ಮಿಲಿಆಂಪ್ ಅಂತ ಬರೆದಿರುತ್ತಾರೆ. ನಾವು 12ರಿಂದ 15 ಇಟ್ಟುಕೊಂಡರೆ ರಾತ್ರಿ ಹೊತ್ತು ಬೆಳಕು ಧಾರಾಳ. ಒಂದು ಸಾಲಿಗೆ ನಾಲ್ಕು ಹಾಕು. ನಾಲ್ಕಕ್ಕೆ 8 ವೋಲ್ಟ್ ಹೋಯಿತು, ಉಳಿದದ್ದು 4. ನಾಲ್ಕನ್ನು 0.015ರಿಂದ ಭಾಗಿಸಿದರೆ 267. ಅಂಗಡಿಯಲ್ಲಿ ಸಿಗುವುದು 270 ಓಮ್. ಕಾಲು ವಾಟಿನದ್ದೇ ಸಾಕು, ಅದರಲ್ಲಿ ಸುಡುವುದು 0.06 ವಾಟ್ ಅಷ್ಟೇ.

ಗುಬ್ಬಿ ಹುಡುಗ
ಸರ್ ತುಂಬಾ ಥ್ಯಾಂಕ್ಸ್. ಐದು ಹಾಕಿದರೆ ರೆಸಿಸ್ಟರ್ ಕಡಿಮೆ ಬೇಕಲ್ವಾ? ಸೋಲ್ಡರಿಂಗ್ ಕೆಲಸವೂ ಉಳಿಯುತ್ತದೆ.

ತಿಪಟೂರು ರೇಡಿಯೋ ರಿಪೇರಿ
ಉಳಿಯುತ್ತದೆ. ಆದರೆ ಐದಕ್ಕೆ 10 ಹೋಗಿ ರೆಸಿಸ್ಟರಿಗೆ ಸಿಗುವುದು 2 ವೋಲ್ಟ್ ಮಾತ್ರ. ಕರೆಂಟು ಹೋದಾಗ ನೀವು ಬ್ಯಾಟರಿಗೆ ಹಾಕುತ್ತೀರಿ, ಹಾಕದೆ ಬಿಡುವುದಿಲ್ಲ ನನಗೆ ಗೊತ್ತು. ಚಾರ್ಜಿನಲ್ಲಿರುವ ಲೆಡ್ ಆಸಿಡ್ ಬ್ಯಾಟರಿ 13.8 ತೋರಿಸುತ್ತದೆ. ಆಗ 2 ಇದ್ದದ್ದು 3.8 ಆಯಿತು, ಕರೆಂಟು ಹತ್ತಿರಹತ್ತಿರ ಎರಡರಷ್ಟು. ನಾಲ್ಕರ ಸಾಲಿನಲ್ಲಿ 4 ಇದ್ದದ್ದು 5.8, ಒಂದೂವರೆಯಷ್ಟು. ರೆಸಿಸ್ಟರಿಗೆ ಹೆಚ್ಚು ವೋಲ್ಟ್ ಬಿಟ್ಟಷ್ಟೂ ಬೆಳಕು ಅಲುಗಾಡುವುದಿಲ್ಲ. ಅದಕ್ಕೇ ನಾಲ್ಕು.

ಸಾಲುಗಳನ್ನು ಪಕ್ಕಪಕ್ಕ ಪ್ಯಾರಲೆಲ್ ಆಗಿ ಕೊಡು, ಪ್ರತಿ ಸಾಲಿಗೂ ಅದರದ್ದೇ ರೆಸಿಸ್ಟರ್. ಹತ್ತು ಸಾಲಿಗೆ ಸೇರಿಸಿ ಒಂದೇ ದೊಡ್ಡ ರೆಸಿಸ್ಟರ್ ಹಾಕುವವರಿದ್ದಾರೆ. ಅದರಲ್ಲಿ ಒಂದು ಸಾಲು ಸತ್ತರೆ ಅದರ ಪಾಲಿನ ಕರೆಂಟೆಲ್ಲ ಉಳಿದವರ ತಲೆ ಮೇಲೆ ಬೀಳುತ್ತದೆ.

ಅಡಾಪ್ಟರ್ ಬಗ್ಗೆ ಒಂದು ಮಾತು. ರೂಟರಿನದ್ದು ಎಸ್‌ಎಂಪಿಎಸ್, ಅಂದರೆ ವೋಲ್ಟೇಜನ್ನು ತಾನೇ ಹಿಡಿದಿಡುವ ಜಾತಿ, ಖಾಲಿ ಇದ್ದಾಗಲೂ 12 ತೋರಿಸುತ್ತದೆ. ಟೇಪ್ ರೆಕಾರ್ಡರ್ ಕಾಲದ ಕಬ್ಬಿಣದ ಕೋರಿನ ಭಾರದ ಅಡಾಪ್ಟರುಗಳು ಲೋಡ್ ಇಲ್ಲದಾಗ 16ರವರೆಗೂ ಹೋಗುತ್ತವೆ. ಮೇಲೆ 12 ಅಂತ ಬರೆದಿದೆ ಅಂತ ನಂಬಬೇಡ, ಮೀಟರ್ ಹಿಡಿದು ನೋಡು.

ಗೌರಿಬಿದನೂರು ಕೋಡರ್
ಬ್ರೋ, ಈ ಕಾಲದಲ್ಲಿ ಯಾರು ಒಂದೊಂದು ಎಲ್‌ಇಡಿಗೂ ರೆಸಿಸ್ಟರ್ ಲೆಕ್ಕ ಹಾಕುತ್ತಾರೆ? ಪಿಕ್ಸೆಲ್ ಎಲ್‌ಇಡಿ ತಗೋ. ಡಬ್ಲ್ಯೂಎಸ್2811 ಐಸಿ ಇರುವ 50ರ ಸರ ಸಿಗುತ್ತದೆ, ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಹೇಳಬಹುದು. ಮೂರೇ ವೈರ್: 5 ವೋಲ್ಟ್, ಡೇಟಾ, ಗ್ರೌಂಡ್. ಇಎಸ್‌ಪಿ32 ಅನ್ನುವ ವೈಫೈ ಇರುವ ಚಿಕ್ಕ ಕಂಟ್ರೋಲರ್ ಬೋರ್ಡಿಗೆ ಡಬ್ಲ್ಯೂಎಲ್‌ಇಡಿ ಅಂತ ಫ್ರೀ ಸಾಫ್ಟ್‌ವೇರ್ ಹಾಕಿದರೆ ಮೊಬೈಲಿನಲ್ಲೇ ಬಣ್ಣ ಬದಲಾಯಿಸಬಹುದು. ನವೆಂಬರ್ ಮುಗಿದ ಮೇಲೆ ಸಂಕ್ರಾಂತಿಗೂ ಅದೇ, ಯುಗಾದಿಗೂ ಅದೇ. ಬಾಣದ ಗುರುತು ನೋಡಿ ಡೇಟಾ ಒಳಗೆ ಹೋಗುವ ಕಡೆಯಿಂದ ಶುರು ಮಾಡಬೇಕು, ಉಲ್ಟಾ ಕೊಟ್ಟರೆ ಏನೂ ಬರುವುದಿಲ್ಲ.

ಕೋಲಾರ ಪಾಲಿಟೆಕ್ನಿಕ್ ಮೇಡಂ
ಪಿಕ್ಸೆಲ್ ಚೆನ್ನಾಗಿಯೇ ಇರುತ್ತದೆ, ನನ್ನ ವಿರೋಧವಿಲ್ಲ. ಆದರೆ ತಗೊಳ್ಳುವ ಮೊದಲು ಇದು ಗೊತ್ತಿರಲಿ. ಒಂದು ಪಿಕ್ಸೆಲ್ಲಿನಲ್ಲಿ ಮೂರು ಬಣ್ಣ, ಬಣ್ಣಕ್ಕೆ 20 ಮಿಲಿಆಂಪ್ ಹಿಡಿದರೆ ಪೂರ್ತಿ ಬಿಳಿಗೆ 60. ನೂರೈವತ್ತು ಪಿಕ್ಸೆಲ್ ಅಂದರೆ 9 ಆಂಪ್. ಕೆಂಪು ಹಳದಿಯಷ್ಟೇ ಉರಿಸಿದರೆ ಅಷ್ಟು ಬೇಡ, ಆದರೂ 4, 5 ಆಂಪ್ ಅಂತೂ ಬೇಕು. ಅದೇ 10 ಮೀಟರ್ ವೈರಿನಲ್ಲಿ 5 ಆಂಪ್ ಹರಿದರೆ ಕಳೆಯುವುದು 1.8 ವೋಲ್ಟ್. 5ರಲ್ಲಿ 1.8 ಹೋದರೆ ಉಳಿಯಿತು 3.2. ಹಾಗಾಗಿ ಪವರ್ ಸಪ್ಲೈ ಬೋರ್ಡಿನ ಬೆನ್ನಿಗೇ ಇರಬೇಕು, ಅಂದರೆ 230ರ ವೈರ್ ಮತ್ತೆ ಕಟ್ಟೆವರೆಗೂ ಬಂತು.

ಇಎಸ್‌ಪಿ32 ಕೊಡುವುದು 3.3 ವೋಲ್ಟಿನ ಸಿಗ್ನಲ್. 5 ವೋಲ್ಟಿನಲ್ಲಿ ನಡೆಯುವ ಈ ಜಾತಿಯ ಎಷ್ಟೋ ಐಸಿಗಳು ಅದರ 0.7 ಭಾಗ, ಅಂದರೆ 3.5 ಕೇಳುತ್ತವೆ. ವೈರ್ ಗಿಡ್ಡ ಇದ್ದರೆ ಹೇಗೋ ನಡೆದುಹೋಗುತ್ತದೆ, ಉದ್ದವಾದರೆ ಮಿಣಮಿಣ ಅಂತ ತನಗೆ ತೋಚಿದ ಬಣ್ಣ ತೋರಿಸುತ್ತದೆ. 74ಎಚ್‌ಸಿಟಿ125 ಐಸಿ ಮಧ್ಯೆ ಹಾಕಿದರೆ ಸರಿ, ಅದು ಸಿಗ್ನಲನ್ನು 5 ವೋಲ್ಟಿಗೆ ಏರಿಸಿ ಕೊಡುತ್ತದೆ.

ಗೌರಿಬಿದನೂರು ಕೋಡರ್
ಮೇಡಂ ಹೇಳಿದ್ದಕ್ಕೆ ಇನ್ನೆರಡು ಸೇರಿಸುತ್ತೇನೆ, ಮುಂದೆ ಯಾರಿಗಾದರೂ ಬೇಕಾದೀತು. ಡೇಟಾ ವೈರಿನ ಶುರುವಿನಲ್ಲಿ 330 ಓಮ್ ಒಂದು, 5 ವೋಲ್ಟಿಗೂ ಗ್ರೌಂಡಿಗೂ ನಡುವೆ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು. ಕಂಟ್ರೋಲರಿಗೆ ಬೇರೆ ಸಪ್ಲೈ ಇದ್ದರೂ ಗ್ರೌಂಡ್ ಎರಡಕ್ಕೂ ಒಂದೇ ಇರಬೇಕು. ಎಲ್ಲ ಸರಿ ಇದ್ದೂ ಏನೂ ಹತ್ತುತ್ತಿಲ್ಲ ಅಂತ ಕೇಳುವವರಲ್ಲಿ ಬಹಳ ಜನ ಗ್ರೌಂಡ್ ಸೇರಿಸಿರುವುದೇ ಇಲ್ಲ.

ಶಿರಾ ಬೋರ್ಡ್ ಪೇಂಟರ್
ನನಗೆ ಓಮ್ ಗೀಮ್ ಗೊತ್ತಿಲ್ಲ. ಅಂಗಡಿ ಬೋರ್ಡ್ ಬರೆಯುವವನು. ಎಲ್ಲರೂ ಕರೆಂಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಅಕ್ಷರದ ಬಗ್ಗೆ ಒಬ್ಬರೂ ಮಾತಾಡುತ್ತಿಲ್ಲ. ಬೆಳಕು ಎಷ್ಟು ಚೆನ್ನಾಗಿದ್ದರೂ ಓದಲು ಬರದಿದ್ದರೆ ಏನು ಬಂತು?

ಇಂಗ್ಲಿಷ್ ಅಕ್ಷರ ಚುಕ್ಕೆಯಲ್ಲಿ ಸುಲಭ, ಅಡ್ಡ ಗೆರೆ ಉದ್ದ ಗೆರೆ ಅಷ್ಟೇ. ನಮ್ಮದು ಎಲ್ಲ ಬಳುಕು. ಬಳುಕಿನಲ್ಲಿ ಚುಕ್ಕೆ ಹತ್ತಿರ ಇರಬೇಕು. ತಿರುವಿನಲ್ಲಿ ಒಂದಿಂಚಿಗೆ ಒಂದು, ನೇರ ಇರುವ ಕಡೆ ಒಂದೂಕಾಲಿಂಚು ಬಿಟ್ಟರೂ ನಡೆಯುತ್ತದೆ. ಎಲ್ಲ ಕಡೆ ಒಂದೇ ಅಂತರ ಅಂತ ಸ್ಕೇಲ್ ಹಿಡಿದು ಗುರುತು ಹಾಕಿದರೆ ‘ಕ’ ಮೊಂಡಾಗುತ್ತದೆ.

‘ಕನ್ನಡ’ದಲ್ಲಿ ನಡುವೆ ಒತ್ತು ಇದೆ. ಒತ್ತಿಗೆ ಜಾಗ ಮೊದಲೇ ಬಿಡಬೇಕು. ಎರಡಡಿ ಎತ್ತರದಲ್ಲಿ ಮೇಲಿನ ಅಕ್ಷರಕ್ಕೆ ಒಂದಡಿ, ಕೆಳಗೆ ಒತ್ತಿಗೆ ಏಳಿಂಚು, ಉಳಿದದ್ದು ಅಂಚು. ಒತ್ತನ್ನು ನಾಲ್ಕಿಂಚಿಗೆ ತುರುಕಿದರೆ ದೂರಕ್ಕೆ ಬರೀ ಬೆಳಕಿನ ಮುದ್ದೆ. ಒತ್ತಿನಲ್ಲಿ ತಲೆಕಟ್ಟು ಇರುವುದಿಲ್ಲ, ಅಲ್ಲಿ ಚುಕ್ಕೆ ದಂಡ ಮಾಡಬೇಡಿ. ‘ಡ’ ಬರೆಯುವಾಗ ಹೊಟ್ಟೆಯ ಕೆಳಗೆ ನಡುವೆ ಒಂದು ಚುಕ್ಕೆ ಹೆಚ್ಚಾದರೂ ಹೊಟ್ಟೆ ಸೀಳಿದ ಹಾಗೆ ಕಂಡು ‘ಕನ್ನಢ’ ಆಗಿ ಕೂರುತ್ತದೆ, ರಾಜ್ಯೋತ್ಸವದ ದಿನ ಊರೆಲ್ಲ ನಗುತ್ತದೆ.

ಒಂದಿಂಚು ಎತ್ತರದ ಅಕ್ಷರವನ್ನು ಹತ್ತಡಿ ದೂರಕ್ಕೆ ಚೆನ್ನಾಗಿ ಓದಬಹುದು ಅನ್ನುವುದು ನಮ್ಮ ಕೆಲಸದ ಲೆಕ್ಕ. ಒಂದಡಿ ಅಕ್ಷರ ನೂರಿಪ್ಪತ್ತು ಅಡಿವರೆಗೂ ಕಾಣುತ್ತದೆ, ಸರ್ಕಲ್ಲಿಗೆ ಸಾಕು.

ಬಣ್ಣ ನನ್ನನ್ನು ಕೇಳಿದರೆ, ಅಕ್ಷರದ ಮೇಲರ್ಧ ಹಳದಿ, ಕೆಳಗರ್ಧ ಕೆಂಪು, ಬಾವುಟದಲ್ಲಿ ಇರುವ ಹಾಗೇ. ಒತ್ತು ಪೂರ್ತಿ ಕೆಂಪು.

ಗುಬ್ಬಿ ಹುಡುಗ
ಅಣ್ಣಾ ಇದು ಸೂಪರ್. ಬಣ್ಣದ ಐಡಿಯಾ ಎಲ್ಲರಿಗೂ ಹಿಡಿಸಿತು. ಅಕ್ಷರವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಅಂಟಿಸಿ, ಪ್ಲೈವುಡ್ ಮೇಲಿಟ್ಟು ಮೊಳೆಯಿಂದ ಗುರುತು ಹಾಕಿದೆವು. ‘ಕ’ಗೆ 44, ‘ನ್ನ’ಗೆ 60, ‘ಡ’ಗೆ 40 ಬಂತು, ಒಟ್ಟು 144. ಎಲ್ಲವೂ ನಾಲ್ಕರಿಂದ ಭಾಗವಾಗುವ ಹಾಗೆ ಒಂದೆರಡು ಚುಕ್ಕೆ ಆಚೀಚೆ ಮಾಡಿದೆವು. 36 ಸಾಲು ಆಗುತ್ತದೆ. ಸಾದಾ ಎಲ್‌ಇಡಿಯನ್ನೇ ಹಾಕುತ್ತೇವೆ, ಪಿಕ್ಸೆಲ್ಲಿಗೆ ಚಂದಾ ದುಡ್ಡು ಸಾಲುವುದಿಲ್ಲ.

ಒಂದೇ ಸಾಲಿನಲ್ಲಿ ಎರಡು ಹಳದಿ, ಎರಡು ಕೆಂಪು ಬಂದರೆ ತೊಂದರೆ ಇದೆಯಾ? ಮತ್ತೆ, ಮೊದಲು ‘ಕ’, ಆಮೇಲೆ ‘ನ್ನ’, ಆಮೇಲೆ ‘ಡ’ ಹತ್ತಿ, ಕೊನೆಗೆ ಮೂರೂ ಒಟ್ಟಿಗೆ ನಿಲ್ಲಬೇಕು. ಹೇಗೆ?

ತಿಪಟೂರು ರೇಡಿಯೋ ರಿಪೇರಿ
ಬೆರೆಸಬಹುದು. ಎರಡೂ ಬಣ್ಣ ಸುಮಾರು 2 ವೋಲ್ಟೇ. ಸೀರೀಸ್ ಸಾಲಿನಲ್ಲಿ ಎಲ್ಲರಿಗೂ ಒಂದೇ ಕರೆಂಟು. ಬಿಳಿ, ನೀಲಿ, ಬಿಳಿಯಂತೆ ಹೊಳೆಯುವ ಹಸಿರು ಬಂದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಅವು 3 ವೋಲ್ಟಿಗೆ ಮೇಲೆ.

ಕೊಳ್ಳುವಾಗ ಗಾಜಿನ ಹಾಗೆ ಪಾರದರ್ಶಕ ಇರುವುದನ್ನು ತರಬೇಡ. ಎದುರಿಗೆ ನಿಂತರೆ ಕಣ್ಣು ಕುಕ್ಕುತ್ತದೆ, ಪಕ್ಕಕ್ಕೆ ಸರಿದರೆ ಆರಿದ ಹಾಗೆ ಕಾಣುತ್ತದೆ. ಮಸುಕು ತಲೆಯ ಡಿಫ್ಯೂಸ್ಡ್ ಕೇಳು. ಸರ್ಕಲ್ಲಿನಲ್ಲಿ ನಾಲ್ಕು ದಿಕ್ಕಿನಿಂದ ಜನ ಬರುತ್ತಾರಲ್ವಾ. ತುಮಕೂರಿನಲ್ಲಿ ಸಿಗದಿದ್ದರೆ ಗುಬ್ಬಿಯಲ್ಲೇ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗು, ನೂರರ ಪ್ಯಾಕೆಟ್ಟೇ ಸಿಗುತ್ತದೆ.

ಒಂದೊಂದೇ ಅಕ್ಷರ ಹತ್ತಿಸಲು ನಮ್ಮ ಕಾಲದಲ್ಲಿ 555 ಟೈಮರ್, 4017 ಕೌಂಟರ್. ಈಗಲೂ ಕೆಲಸ ಮಾಡುತ್ತದೆ. 555 ಟಿಕ್ ಟಿಕ್ ಕೊಡುತ್ತದೆ, ಪ್ರತಿ ಟಿಕ್‌ಗೆ 4017 ಒಂದೊಂದು ಕಾಲಿಗೆ ಮುಂದೆ ಹೋಗುತ್ತದೆ, ಹತ್ತು ಔಟ್‌ಪುಟ್ ಇವೆ. ಪಿನ್ನಿನ ಕ್ರಮ ಮಾತ್ರ ಎಡವಟ್ಟು: 3, 2, 4, 7, 10, 1, 5, 6, 9, 11. ನೇರ 1, 2, 3 ಅಂತ ಎಣಿಸಿ ವೈರ್ ಹಾಕಿದರೆ ಬೆಳಕು ಕಪ್ಪೆ ಕುಣಿದ ಹಾಗೆ ಓಡುತ್ತದೆ. ಮೂರೂ ಒಟ್ಟಿಗೆ ನಿಲ್ಲಬೇಕು ಅಂದರೆ ಡಯೋಡುಗಳನ್ನು ಸೇರಿಸಬೇಕು, ಆಗ ವೈರ್ ಜಾಸ್ತಿ.

ಗೌರಿಬಿದನೂರು ಕೋಡರ್
ಇದಕ್ಕೆ ಆರ್ಡುಯಿನೋ ನ್ಯಾನೋ ಹಾಕು ಬ್ರೋ, ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಕಂಟ್ರೋಲರ್ ಬೋರ್ಡ್ ಅದು, ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ. ಮೂರು ಪಿನ್, ಒಂದೊಂದು ಅಕ್ಷರಕ್ಕೆ ಒಂದು. ಒಂದು ಸೆಕೆಂಡ್ ಬಿಟ್ಟು ಒಂದೊಂದು ಆನ್, ಐದು ಸೆಕೆಂಡ್ ಎಲ್ಲ ನಿಲ್ಲಲಿ, ಅರ್ಧ ಸೆಕೆಂಡ್ ಆಫ್, ಮತ್ತೆ ಮೊದಲಿಂದ. ಪಿನ್ನಿಗೆ ನೇರ ಅಕ್ಷರ ಜೋಡಿಸಬೇಡ. ಒಂದು ಪಿನ್ 20 ಮಿಲಿಆಂಪ್ ಕೊಟ್ಟರೆ ಹೆಚ್ಚು, ‘ನ್ನ’ ಒಂದಕ್ಕೇ ಅದರ ಹತ್ತರಷ್ಟು ಬೇಕು. ಮಧ್ಯೆ ಯುಎಲ್ಎನ್2003 ಹಾಕು, ಪಿನ್ನಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಐಸಿ ಅದು. ಒಂದೇ ಐಸಿಯಲ್ಲಿ ಏಳು ಚಾನೆಲ್, ಒಂದೊಂದೂ 500 ಮಿಲಿಆಂಪ್ ತಡೆಯುತ್ತದೆ. ಸಾಲುಗಳ ಪ್ಲಸ್ ಎಲ್ಲ 12ಕ್ಕೆ, ಮೈನಸ್ ಎಲ್ಲ ಐಸಿಗೆ.

ಕೋಲಾರ ಪಾಲಿಟೆಕ್ನಿಕ್ ಮೇಡಂ
ಯುಎಲ್ಎನ್2003 ಒಳಗೆ ಇರುವುದು ಡಾರ್ಲಿಂಗ್ಟನ್ ಟ್ರಾನ್ಸಿಸ್ಟರ್, ಅದೇ 0.9 ವೋಲ್ಟಿನಷ್ಟು ತಿಂದುಹಾಕುತ್ತದೆ. ಹಾಗಾಗಿ ರೆಸಿಸ್ಟರಿಗೆ 4 ಅಲ್ಲ, 3.1 ಸಿಗುತ್ತದೆ. 270 ಓಮಿಗೆ 11.5 ಮಿಲಿಆಂಪ್. ರಾತ್ರಿಗೆ ಸಾಕು, ಬದಲಾಯಿಸುವುದು ಬೇಡ. ಬ್ಯಾಟರಿ 13.8ಕ್ಕೆ ಏರಿದರೂ ಸುಮಾರು 18 ಅಷ್ಟೇ. ಒಟ್ಟು 36 ಸಾಲಿಗೆ 0.41 ಆಂಪ್. ನಿನ್ನ 1 ಆಂಪ್ ಅಡಾಪ್ಟರಿಗೆ ಅರ್ಧ ಭಾರವೂ ಇಲ್ಲ.

ನ್ಯಾನೋಗೆ 13.8 ನೇರ ಕೊಡಬೇಡ, ಅದಕ್ಕೆ ಹೇಳಿರುವುದು 7ರಿಂದ 12. ಚಿಕ್ಕ ಬಕ್ ಮಾಡ್ಯೂಲ್ ಹಾಕಿ 5ಕ್ಕೆ ಇಳಿಸಿಕೋ. ಮನೆಯಲ್ಲಿ ಯುಪಿಎಸ್ಸಿನ 12 ವೋಲ್ಟ್ 7 ಆಂಪ್ ಅವರ್ ಬ್ಯಾಟರಿ ಚೆನ್ನಾಗಿದ್ದರೆ, ಅದನ್ನು ಅರ್ಧದಷ್ಟೇ ಬಳಸಿದರೂ ಏಳು ಗಂಟೆಗೂ ಮೇಲೆ ಉರಿಯುತ್ತದೆ. ಬ್ಯಾಟರಿ ಪ್ಲಸ್ಸಿನಲ್ಲಿ 1 ಆಂಪ್ ಫ್ಯೂಸ್ ಇರಲಿ. ಅಡಾಪ್ಟರ್ ಶಾರ್ಟ್ ಆದರೆ ತಾನೇ ಆಫ್ ಆಗುತ್ತದೆ, ಬ್ಯಾಟರಿ ಆಗುವುದಿಲ್ಲ, ವೈರ್ ಕೆಂಪಗೆ ಕಾಯಿಸುತ್ತದೆ.

ಮಧುಗಿರಿ ಲೈನ್‌ಮ್ಯಾನ್
ಎಲ್ಲ ಓದಿದೆ, ಚೆನ್ನಾಗಿದೆ. ನನ್ನ ಕಡೆಯಿಂದ ಬೋರ್ಡಿನ ಹೊರಗಿನ ಮಾತು.

ಕರೆಂಟು ಎಲ್ಲಿಂದ ತಗೊಳ್ಳುತ್ತೀರಿ? ಕಂಬಕ್ಕೆ ಕೊಕ್ಕೆ ಹಾಕಬೇಡಿ. ವಿದ್ಯುತ್ ಕಾಯ್ದೆ 2003ರ 135ನೇ ಸೆಕ್ಷನ್ನಿನಲ್ಲಿ ಅದು ಕಳ್ಳತನ, ‘ಒಂದೇ ದಿನ ಅಣ್ಣಾ’ ಅಂದರೆ ನಡೆಯುವುದಿಲ್ಲ. ಕಾನೂನು ಆಚೆ ಇಡಿ, ಕೊಕ್ಕೆ ಹಾಕಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಬೋರ್ಡ್ ಒಂದೇ ಆದರೆ ಪಕ್ಕದ ಅಂಗಡಿಯವರನ್ನು ಕೇಳಿದರೆ ಕೊಡುತ್ತಾರೆ, 5 ವಾಟಿನ ಲೋಡ್ ಅದು. ದೊಡ್ಡ ಲೈಟಿಂಗ್, ಮೈಕ್ ಸೆಟ್ ಇದ್ದರೆ ಬೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿ.

ಅಡಾಪ್ಟರ್ ಅಂಗಡಿ ಒಳಗೇ ಇರಲಿ, 12 ವೋಲ್ಟಿನ ವೈರ್ ಮಾತ್ರ ಹೊರಗೆ ಬರಲಿ. ಅಂಗಡಿಯಲ್ಲಿ ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ ಇನ್ನೂ ಒಳ್ಳೆಯದು. ಬೋರ್ಡನ್ನು ಕರೆಂಟ್ ಕಂಬಕ್ಕೆ ಕಟ್ಟಬೇಡಿ. ಬೈಂಡಿಂಗ್ ವೈರ್ ತಂದು ರಸ್ತೆ ಅಡ್ಡ ಎಸೆದು ಬಾವುಟ ಕಟ್ಟುತ್ತಾರೆ ನೋಡಿ, ಅದಂತೂ ಬೇಡವೇ ಬೇಡ. ಗಾಳಿಗೆ ಹಾರಿ ಮೇಲಿನ ಲೈನಿಗೆ ತಾಗಿದರೆ 11 ಸಾವಿರ ವೋಲ್ಟ್. ನೈಲಾನ್ ಹಗ್ಗ ಬಳಸಿ.

ಚಿಂತಾಮಣಿ ಲೈಟಿಂಗ್
ಲೈನ್‌ಮ್ಯಾನ್ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಹುಡುಗರಿಗೂ ಬೈಂಡಿಂಗ್ ವೈರ್ ಮುಟ್ಟಬೇಡಿ ಅಂತ ಬೈದು ಬೈದು ಸಾಕಾಗಿದೆ.

ತಮ್ಮಾ, ಮಳೆ ನೋಡಿಕೋ. ಅಕ್ಟೋಬರ್ ಕೊನೆಯಲ್ಲಿ ನಮ್ಮ ಕಡೆ ಹಿಂಗಾರು ಇದ್ದೇ ಇರುತ್ತದೆ. ಬೋರ್ಡಿನ ಹಿಂದೆ ತೆಳು ಸನ್‌ಬೋರ್ಡ್ ಮುಚ್ಚಿ ಅಂಚಿಗೆ ಸಿಲಿಕಾನ್ ಹಾಕು, ಕೆಳಗಿನ ಅಂಚಿಗೆ ಮಾತ್ರ ಬೇಡ. ಅಲ್ಲಿ ಎರಡು ತೂತು ಬಿಡು. ನೀರು ಹೇಗಿದ್ದರೂ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರಬೇಕು. ವೈರ್ ಕೆಳಗಿನಿಂದಲೇ ಒಳಗೆ ಹೋಗಲಿ, ಮೇಲಿನಿಂದ ಬಿಟ್ಟರೆ ಮಳೆನೀರು ವೈರ್ ಹಿಡಿದುಕೊಂಡೇ ಇಳಿಯುತ್ತದೆ. ಸೋಲ್ಡರ್ ಮಾಡಿದ ಜಾಗಕ್ಕೆಲ್ಲ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿ. ಪ್ಲೈವುಡ್ಡಿಗೆ ಮುಂದೆ ಕಪ್ಪು ಮ್ಯಾಟ್ ಪೇಂಟ್ ಹೊಡಿ, ಬೆಳಕು ಎದ್ದು ಕಾಣುತ್ತದೆ.

ಗುಬ್ಬಿ ಹುಡುಗ
ಕೆಲಸ ಶುರುವಾಗಿದೆ. 5 ಎಂಎಂ ಬಿಟ್‌ನಲ್ಲಿ ತೂತು ಹಾಕಿದರೆ ಎಲ್‌ಇಡಿ ಬಿಗಿಯಾಗಿ ಕೂರುತ್ತದೆ, ಹಿಂದೆ ಗ್ಲೂ ಗನ್ ಒಂದು ಹನಿ. ‘ಕ’ ಪೂರ್ತಿ ಆಯಿತು. ಎರಡು ಸಮಸ್ಯೆ. ಒಂದು ಸಾಲು ಹತ್ತುತ್ತಲೇ ಇಲ್ಲ. ಇನ್ನೊಂದು, ಹಳದಿಯಲ್ಲಿ ಕೆಲವು ನಿಂಬೆಹಣ್ಣಿನ ಬಣ್ಣ, ಕೆಲವು ಕಿತ್ತಳೆ ಕಡೆಗೆ ಇವೆ. ಅಂಗಡಿಯವರು ಎರಡು ಪ್ಯಾಕೆಟ್ ಕೊಟ್ಟಿದ್ದರು, ಎರಡೂ ಒಂದೇ ಅಂದಿದ್ದರು.

ತಿಪಟೂರು ರೇಡಿಯೋ ರಿಪೇರಿ
ಬಣ್ಣಕ್ಕೆ ಮದ್ದಿಲ್ಲ. ಒಂದೊಂದು ಸಲ ಕಾರ್ಖಾನೆಯಿಂದ ಬರುವ ಮಾಲಿನ ಛಾಯೆ ಒಂದೊಂದು ತರಹ. ಒಂದು ಅಕ್ಷರಕ್ಕೆ ಒಂದೇ ಪ್ಯಾಕೆಟ್ಟಿನದು ಹಾಕು, ಅಕ್ಷರದಿಂದ ಅಕ್ಷರಕ್ಕೆ ವ್ಯತ್ಯಾಸ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಹತ್ತದ ಸಾಲಿನಲ್ಲಿ ಒಂದು ತಿರುಗುಮುರುಗಾಗಿ ಬಂದಿರಬೇಕು. ಉದ್ದ ಕಾಲು ಪ್ಲಸ್. ಕಾಲು ಕತ್ತರಿಸಿ ಆಗಿದ್ದರೆ ಬುಡದ ಅಂಚು ನೋಡು, ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಮೈನಸ್. ಮಲ್ಟಿಮೀಟರನ್ನು ಡಯೋಡಿಗೆ ಇಟ್ಟು ಒಂದೊಂದೇ ಮುಟ್ಟಿಸು, ಸರಿ ಇರುವುದು ಮಿಣುಕುತ್ತದೆ. ಕೆಂಪು ಹಳದಿಗೆ ಇದು ನಡೆಯುತ್ತದೆ, ಬಿಳಿಗೆ ಎಲ್ಲ ಮೀಟರಲ್ಲೂ ನಡೆಯುವುದಿಲ್ಲ. ಉಲ್ಟಾ ಇದ್ದದ್ದು ಸಿಕ್ಕರೆ ತಿರುಗಿಸಿ ಹಾಕಬೇಡ, ಹೊಸದು ಹಾಕು. ಎಲ್‌ಇಡಿ ಉಲ್ಟಾ ತಡೆಯುವುದು 5 ವೋಲ್ಟಿನಷ್ಟೇ, 12 ಬಿದ್ದಿದ್ದರೆ ಒಳಗೆ ಪೆಟ್ಟಾಗಿರಬಹುದು. ಮುಂದಿನ ಅಕ್ಷರಕ್ಕೆ ತೂತಿಗೆ ಹಾಕುವ ಮೊದಲೇ ಒಂದೊಂದನ್ನೂ 3 ವೋಲ್ಟಿನ ನಾಣ್ಯದ ಸೆಲ್ಲಿಗೆ ಮುಟ್ಟಿಸಿ ನೋಡಿಕೋ, ಕೆಲಸ ಸುಲಭ. ಐರನ್ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡ.

ಶಿರಾ ಬೋರ್ಡ್ ಪೇಂಟರ್
ಫೋಟೋ ಹಾಕಪ್ಪಾ, ‘ನ್ನ’ದ ಒತ್ತು ಹೇಗೆ ಬಂತು ನೋಡಬೇಕು. ‘ಕ’ ಚೆನ್ನಾಗಿ ಬಂದಿದ್ದರೆ ಅದರಲ್ಲಿ ದೊಡ್ಡ ವಿಷಯವಿಲ್ಲ, ಒತ್ತು ನೋಡಿ ಹೇಳುತ್ತೇನೆ.

ಗುಬ್ಬಿ ಹುಡುಗ
ಹಾಕಿದ್ದೇನೆ ಅಣ್ಣಾ. ಮೂರು ಅಕ್ಷರವೂ ಮುಗಿಯಿತು. ಮೀಟರಿನಲ್ಲಿ ಎಲ್ಲ ಹತ್ತಿದಾಗ 0.40 ಆಂಪ್ ತೋರಿಸುತ್ತಿದೆ, ಮೇಡಂ ಲೆಕ್ಕಕ್ಕೆ ಸರಿಹೋಯಿತು. ರಾತ್ರಿಯೆಲ್ಲ ಉರಿಸಿ ಬಿಟ್ಟಿದ್ದೆವು, ರೆಸಿಸ್ಟರ್ ಮುಟ್ಟಿದರೆ ಉಗುರುಬೆಚ್ಚಗೆ ಇತ್ತು ಅಷ್ಟೇ. ಹೋಟೆಲ್ ಅಣ್ಣ ಪ್ಲಗ್ ಕೊಡುತ್ತೇನೆ ಅಂದಿದ್ದಾರೆ.

ಶಿರಾ ಬೋರ್ಡ್ ಪೇಂಟರ್
ಒತ್ತು ಚೆನ್ನಾಗಿದೆ. ‘ಡ’ದ ಬಲಗಡೆ ತಿರುವಿನಲ್ಲಿ ಒಂದು ಚುಕ್ಕೆ ಒಳಗೆ ಸರಿದಿದೆ, ನನ್ನ ಕಣ್ಣಿಗೆ ಕುಟುಕುತ್ತದೆ. ಬೇರೆಯವರಿಗೆ ಕಾಣುವುದಿಲ್ಲ ಬಿಡು.

ಮಾಲೂರು ಅಕ್ಕ
ಇಡೀ ಚರ್ಚೆ ಓದಿದೆ, ತುಂಬಾ ಉಪಯೋಗ ಆಯಿತು. ನಮ್ಮ ಮನೆ ಗೃಹಪ್ರವೇಶಕ್ಕೆ ಇದೇ ತರಹ ‘ಸ್ವಾಗತ’ ಮಾಡಬೇಕು ಅಂತಿದ್ದೇನೆ, ಪೂರ್ತಿ ಬಿಳಿ. ಇದೇ 12 ವೋಲ್ಟ್, ಇದೇ ಯುಎಲ್ಎನ್, ನಾಲ್ಕರ ಸಾಲು, 270 ಓಮ್ ಹಾಕಬಹುದಾ?

ಕೋಲಾರ ಪಾಲಿಟೆಕ್ನಿಕ್ ಮೇಡಂ
ಇಲ್ಲ ಅಕ್ಕ, ಬಿಳಿಗೆ ಆ ಲೆಕ್ಕ ಬರುವುದಿಲ್ಲ. ಬಿಳಿ ಒಂದಕ್ಕೆ ಸುಮಾರು 3.2 ವೋಲ್ಟ್. ನಾಲ್ಕು ಸೇರಿದರೆ 12.8, ಹತ್ತುವುದೇ ಇಲ್ಲ ಅಂದುಕೊಳ್ಳಿ. ಮೂರಕ್ಕೆ 9.6, ಐಸಿಗೆ 0.9 ಹೋದರೆ ರೆಸಿಸ್ಟರಿಗೆ ಉಳಿಯುವುದು ಒಂದೂವರೆ ವೋಲ್ಟ್, ಅದು ಸಾಲದು. ಅಡಾಪ್ಟರ್ ಸ್ವಲ್ಪ ಏರಿಳಿದರೂ ಬೆಳಕು ಕುಣಿಯುತ್ತದೆ. ಎರಡೆರಡೇ ಹಾಕಿ. 6.4 ಹೋಗಿ, ಐಸಿಗೆ ಹೋಗಿ, 4.7 ಉಳಿಯುತ್ತದೆ. 330 ಓಮ್ ಹಾಕಿದರೆ 14 ಮಿಲಿಆಂಪ್. ಬ್ಲಿಂಕ್ ಬೇಡ, ಸುಮ್ನೆ ಉರಿದರೆ ಸಾಕು ಅಂದರೆ ಐಸಿ ಬಿಟ್ಟುಬಿಡಿ, ಆಗ ಮೂರರ ಸಾಲಿಗೆ 180 ಓಮ್ ನಡೆಯುತ್ತದೆ, ಬ್ಯಾಟರಿಗೆ ಮಾತ್ರ ಹಾಕಬೇಡಿ. ‘ಸ್ವಾ’ಕ್ಕೆ ವ ಒತ್ತಿನ ಜಾಗ ಬಿಡುವುದನ್ನು ಶಿರಾ ಅಣ್ಣನನ್ನು ಕೇಳಿ.

ಶಿರಾ ಬೋರ್ಡ್ ಪೇಂಟರ್
ಅಳತೆ ಕಳಿಸಿ ಅಕ್ಕ, ಅಕ್ಷರ ಬರೆದು ಫೋಟೋ ಹಾಕುತ್ತೇನೆ.